ತುಪ್ಪರಿಹಳ್ಳದ ನೀರಿನ ಲೆಕ್ಕ

ನಮ್ಮ ಸೀಮೆಯ ಹಳ್ಳಗಳಿಗೆ ಹೆಸರಿಟ್ಟ ಹಿರಿಯರು ಹಸಿದವರಾಗಿದ್ದರೋ ಏನೋ! ಒಂದನ್ನು ಬೆಣ್ಣೆಹಳ್ಳವೆಂದು ಕರೆದರು, ಇನ್ನೊಂದನ್ನು ತುಪ್ಪರಿಹಳ್ಳವೆಂದು ಕರೆದರು. ಬೇಸಿಗೆಯಲ್ಲಿ ಈ ಹಳ್ಳಗಳ ಗುಂಡಿಗಳಲ್ಲಿ ಉಳಿದ ನೀರನ್ನು ಬಾಯಿಗೆ ಹಾಕಿಕೊಂಡವರಿಗೆ ಬೆಣ್ಣೆಯ ನೆನಪಾಗಲಿ ತುಪ್ಪದ ನೆನಪಾಗಲಿ ಆಗಲಾರದು. ಅದು ಸವಳು ನೀರು. ಮಳೆಗಾಲದಲ್ಲಾದರೋ ಅದೇ ಹಳ್ಳವು ಕರಿಯ ಕೆಸರಿನ ಹೊಳೆಯಾಗಿ ಹೊಲ ಹೊಕ್ಕು, ಕೆಲವು ಊರುಗಳಲ್ಲಿ ಮನೆಯನ್ನೂ ಹೊಕ್ಕು, ಒಂದೇ ರಾತ್ರಿಯಲ್ಲಿ ಒಂದು ವರ್ಷದ ಬೆಳೆಯನ್ನು ಒಯ್ದುಬಿಡುತ್ತದೆ.

ನಾನು ಹುಟ್ಟಿ ಬೆಳೆದ ಮೊರಬವು ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನಲ್ಲಿ ಹೋಬಳಿಯ ಊರು. ತುಪ್ಪರಿಹಳ್ಳ ನಮ್ಮ ಸೀಮೆಯ ಹಳ್ಳ. 2019ರ ಆಗಸ್ಟ್ ತಿಂಗಳಿನಲ್ಲಿ ಉತ್ತರ ಕರ್ನಾಟಕವೆಲ್ಲ ನೆರೆಯಲ್ಲಿ ಮುಳುಗೆದ್ದಾಗ ನಾನು ಕಾಲೇಜಿಗೆ ಹೋಗಲಾರದೆ ಊರಿನಲ್ಲಿಯೇ ಉಳಿದಿದ್ದೆನು. ಹಳ್ಳದ ಕಡೆಯ ಹೊಲಗಳಲ್ಲಿ ಕಣ್ಣು ಹಾಯುವವರೆಗೆ ನೀರು. ಇತ್ತ ಓಣಿಯಲ್ಲಿ ಕುಡಿಯುವ ನೀರಿಗಾಗಿ ಕೊಡಗಳ ಸಾಲು. ಆ ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ನನ್ನನ್ನು ಕಂಡು ಕೇಳಿದಳು: “ತಮ್ಮಾ, ನೀ ಸಾಲಿ ಕಲಿಸಾಂವ ಅದಿ. ಇಷ್ಟೊಂದು ನೀರು ಎಲ್ಲಿಂದ ಬಂತು? ಯುಗಾದಿ ಹೊತ್ತಿಗೆ ಎಲ್ಲಿ ಹೋಗಿರತೈತಿ?” “ಮ್ಯಾಲೆ ಧಾರವಾಡದ ಕಡೆ ಮಳಿ ಆಗೇತಿ ಯವ್ವಾ” ಎಂದು ನಾನು ಉತ್ತರಿಸಿದೆ. ಆಕೆ ತಲೆಯಾಡಿಸಿದಳು. ಆದರೆ ಆ ಉತ್ತರದಿಂದ ಆಕೆಗೆ ಸಮಾಧಾನವಾಗಲಿಲ್ಲವೆಂಬುದು ನನಗೆ ತಿಳಿಯಿತು. ಪದಾರ್ಥವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಆಗಲೇ ಕೆಲವು ವರ್ಷ ಪಾಠ ಹೇಳಿದ್ದ ನನಗೂ ಆಗಲಿಲ್ಲ. ಆಕೆಯ ಪ್ರಶ್ನೆಯಲ್ಲಿ ಎರಡು ಭಾಗಗಳಿದ್ದವು. ನಾನು ಒಂದರ ಅರ್ಧಕ್ಕೆ ಮಾತ್ರ ಉತ್ತರ ಕೊಟ್ಟಿದ್ದೆನು.

ಮುಂದೆ ಕಾಲೇಜು ಆರಂಭವಾದಾಗ ನನ್ನ ವಿದ್ಯಾರ್ಥಿಗಳಿಗೆ ಒಂದು ಸುಲಭವಾದ ಪ್ರಶ್ನೆಯನ್ನು ಹಾಕಿದೆ: “ನಿಮ್ಮ ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆಯ ಹನಿ ಯಾವ ಯಾವ ದಾರಿಯಿಂದ ಸಮುದ್ರಕ್ಕೆ ಹೋಗುತ್ತದೆ?” ಕೃಷ್ಣೆಯ ಹೆಸರನ್ನು ಹೇಳಿದವರುಂಟು, ಮಲಪ್ರಭೆಯ ಹೆಸರನ್ನು ಹೇಳಿದವರುಂಟು. ಮಹದಾಯಿಯ ವಿಷಯವಾಗಿ ಹತ್ತು ನಿಮಿಷ ಆವೇಶದಿಂದ ಮಾತನಾಡಿದವರೂ ಉಂಟು. ಮನೆಗೂ ಮಲಪ್ರಭೆಗೂ ನಡುವೆ ಇರುವ ಹಳ್ಳದ ಹೆಸರನ್ನು ಹೇಳಿದವರು ತೀರ ಸ್ವಲ್ಪ. ಪಠ್ಯಪುಸ್ತಕದ ನಕಾಶೆಯಲ್ಲಿ ಹಳ್ಳಗಳಿಗೆ ಹೆಸರಿರುವುದಿಲ್ಲ. ಪರೀಕ್ಷೆಯಲ್ಲಿ ಅವುಗಳಿಗೆ ಅಂಕಗಳೂ ಇಲ್ಲ. ಆದುದರಿಂದ ಹುಡುಗರ ತಪ್ಪೇನೂ ಇಲ್ಲ.

ಹಾಗಾದರೆ ದಾರಿಯನ್ನು ನೋಡೋಣ. ಧಾರವಾಡ ನಗರವು ಒಂದು ನೀರಿನ ದಿನ್ನೆಯ ಮೇಲೆ ಕುಳಿತಿದೆ. ಅಲ್ಲಿನ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಅದೇ ದಿನ್ನೆಯ ಮೂಡಣ ಮಗ್ಗುಲಿನಲ್ಲಿ ಬಿದ್ದ ಹನಿಯಾದರೋ ತುಪ್ಪರಿಹಳ್ಳವನ್ನು ಸೇರಿ ನಮ್ಮ ಕಡೆಗೆ ಬರುತ್ತದೆ. ತುಪ್ಪರಿಹಳ್ಳವು ಮುಂದೆ ಬೆಣ್ಣೆಹಳ್ಳವನ್ನು ಕೂಡುತ್ತದೆ. ಬೆಣ್ಣೆಹಳ್ಳವು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ದುಂಡಶಿಯ ಗುಡ್ಡಗಳಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ, ನರಗುಂದ ತಾಲೂಕುಗಳ ಎರೆಯ ಸೀಮೆಯನ್ನು ಹಾಯ್ದು ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಬೀಳುತ್ತದೆ. ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು, ಕೃಷ್ಣೆಯು ಆಂಧ್ರದ ದಂಡೆಯಲ್ಲಿ ಬಂಗಾಲ ಉಪಸಾಗರವನ್ನು ಸೇರುವುದು. ಧಾರವಾಡದ ಒಂದು ಮಾಳಿಗೆಯ ಎರಡು ಮಗ್ಗುಲಿನ ಹನಿಗಳು ಎರಡು ಬೇರೆ ಬೇರೆ ಸಮುದ್ರಗಳಿಗೆ ಹೋಗುವುದು ಅಸಾಧ್ಯವೇನಲ್ಲ. ಹೀಗೆ ಒಂದು ಹಳ್ಳಕ್ಕೆ ನೀರು ಕೊಡುವ ನೆಲವನ್ನೆಲ್ಲ ಸೇರಿಸಿ ಅದರ ಜಲಾನಯನ ಪ್ರದೇಶವೆಂದು ಕರೆಯುತ್ತಾರೆ. ತಾಲೂಕಿನ ಗಡಿಯನ್ನು ಮನುಷ್ಯರು ಕಾಗದದ ಮೇಲೆ ಎಳೆದರು; ಜಲಾನಯನದ ಗಡಿಯನ್ನು ಗುರುತ್ವಾಕರ್ಷಣವು ನೆಲದ ಮೇಲೆ ಎಳೆದಿದೆ.

ಈ ನಕಾಶೆಯಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮಲಪ್ರಭೆಗೆ ಕಟ್ಟಿದ ಅಣೆಕಟ್ಟು, ಅಂದರೆ ರೇಣುಕಾಸಾಗರವು, ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿದೆ. ಬೆಣ್ಣೆಹಳ್ಳವು ಮಲಪ್ರಭೆಯನ್ನು ಕೂಡುವುದು ಅಲ್ಲಿಂದ ಎಷ್ಟೋ ಕೆಳಗೆ. ಆದುದರಿಂದ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಎಷ್ಟೇ ತುಂಬಿ ಹರಿದರೂ ಅವುಗಳ ಒಂದು ಬೊಗಸೆ ನೀರು ಕೂಡ ಆ ಜಲಾಶಯವನ್ನು ಸೇರಲಾರದು. ನವಿಲುತೀರ್ಥದ ಕಾಲುವೆಯ ನೀರು ನಮ್ಮ ತಾಲೂಕಿಗೆ ಬರುತ್ತದೆ; ನಮ್ಮ ತಾಲೂಕಿನ ಮಳೆಯ ನೀರು ಅದನ್ನು ಮುಟ್ಟದೆ ಹೋಗುತ್ತದೆ. 2019ರಂತಹ ವರ್ಷದಲ್ಲಿ ಮೇಲಿನಿಂದ ಜಲಾಶಯವನ್ನು ಬಿಟ್ಟ ನೀರು, ಮಗ್ಗುಲಿನಿಂದ ಬೆಣ್ಣೆಹಳ್ಳದ ನೀರು ಎರಡೂ ಒಟ್ಟಿಗೆ ಬಂದರೆ ರೋಣ ತಾಲೂಕಿನ ಹೊಳೆಯ ದಂಡೆಯ ಊರುಗಳ ಅವಸ್ಥೆಯನ್ನು ಊಹಿಸಿಕೊಳ್ಳಬಹುದು.

ಇನ್ನು ಮುದುಕಿಯ ಪ್ರಶ್ನೆಗೆ ಬರೋಣ. ಇಷ್ಟು ನೀರು ಇಷ್ಟು ಬೇಗನೆ ಹೇಗೆ ಬಂದಿತು? ಇದರ ಗುಟ್ಟು ಆಕಾಶದಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಕಾಲ ಕೆಳಗಿನ ಮಣ್ಣಿನಲ್ಲಿದೆ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿಯ ಕಣಗಳು ಹೇರಳವಾಗಿರುತ್ತವೆ. ಈ ಕಣವನ್ನು ಪುಸ್ತಕಕ್ಕೆ ಹೋಲಿಸಬಹುದು. ಸಿಲಿಕಾನ್, ಅಲ್ಯುಮಿನಿಯಮ್, ಆಮ್ಲಜನಕಗಳಿಂದಾದ ಅತ್ಯಂತ ತೆಳುವಾದ ಹಾಳೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಆದರೆ ಹಾಳೆಯನ್ನು ಹಾಳೆಗೆ ಹಿಡಿದಿರುವ ಬಂಧನ ದುರ್ಬಲವಾದುದು. ನೀರಿನ ಅಣುವಿನ ಒಂದು ತುದಿಯಲ್ಲಿ ಸ್ವಲ್ಪ ಧನ ವಿದ್ಯುತ್ತು, ಇನ್ನೊಂದು ತುದಿಯಲ್ಲಿ ಸ್ವಲ್ಪ ಋಣ ವಿದ್ಯುತ್ತು ಇರುವುದೆಂದು ನೀವು ಓದಿರುವಿರಿ. ಆ ವಿದ್ಯುತ್ತಿನ ಸೆಳೆತದಿಂದ ನೀರಿನ ಅಣುಗಳು ಹಾಳೆಗಳ ನಡುವೆ ನುಸುಳಿ ಅವುಗಳನ್ನು ದೂರ ತಳ್ಳುತ್ತವೆ. ಪುಸ್ತಕ ಉಬ್ಬುತ್ತದೆ. ಬಿಸಿಲಿಗೆ ನೀರು ಹೊರಬಿದ್ದಾಗ ಹಾಳೆಗಳು ಮತ್ತೆ ಕೂಡುತ್ತವೆ, ಮಣ್ಣು ಕುಗ್ಗುತ್ತದೆ, ನೆಲ ಬಿರಿಯುತ್ತದೆ. ಏಪ್ರಿಲ್ ತಿಂಗಳಿನಲ್ಲಿ ನಮ್ಮ ಹೊಲಗಳ ಬಿರುಕುಗಳೊಳಗೆ ಎತ್ತಿನ ಬಾರಕೋಲನ್ನು ಇಳಿಬಿಟ್ಟರೆ ಅದು ಎಷ್ಟೋ ಒಳಗೆ ಹೋಗುವುದನ್ನು ಹುಡುಗರಾಗಿದ್ದಾಗ ನಾವು ಆಟವಾಗಿ ನೋಡುತ್ತಿದ್ದೆವು. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರಿ, ಮಳೆ ಬಂದಾಗ ಮತ್ತೆ ಮೇಲೆ ಉಬ್ಬುವುದರಿಂದ ಎರೆಯು ತನ್ನನ್ನು ತಾನೇ ಉಳುತ್ತದೆಂದು ಹೇಳುವುದುಂಟು.

ಹೀಗಾಗಿ ಮೊದಲ ಮಳೆಯನ್ನು ಬಿರುಕುಗಳು ಗಟಗಟನೆ ಕುಡಿಯುತ್ತವೆ; ಹಳ್ಳಕ್ಕೆ ಒಂದು ಹನಿಯೂ ಬರುವುದಿಲ್ಲ. ಆದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಕಥೆಯೇ ಬೇರೆ. ಆಗ ಎರೆಯೊಳಗೆ ನೀರು ಇಳಿಯುವ ವೇಗ ಗಂಟೆಗೆ ಕೆಲವೇ ಮಿಲಿಮೀಟರು. ಅದಕ್ಕಿಂತ ಜೋರಾಗಿ ಬಿದ್ದ ಮಳೆಯೆಲ್ಲ ಮೇಲೆಯೇ ಹರಿಯಬೇಕು. ಲೆಕ್ಕ ಮಾಡಿ ನೋಡಿರಿ: 10 ಚದರ ಕಿಲೋಮೀಟರು ಹೊಲಗಳ ಮೇಲೆ ಒಂದು ಗಂಟೆಯಲ್ಲಿ 20 ಮಿಲಿಮೀಟರು ಮಳೆ ಬಿದ್ದರೆ ಅದು 2 ಲಕ್ಷ ಘನಮೀಟರು ನೀರು. ಅದರಲ್ಲಿ ಅರ್ಧ ಮಾತ್ರ ಹಳ್ಳದ ದಾರಿ ಹಿಡಿಯಿತೆಂದು ತಿಳಿದರೂ, ಒಂದು ಗಂಟೆಯ ಸರಾಸರಿಯಲ್ಲಿ ಸೆಕೆಂಡಿಗೆ 28 ಘನಮೀಟರು ಆಗುತ್ತದೆ. ತುಪ್ಪರಿಹಳ್ಳದ ಜಲಾನಯನವು 10 ಚದರ ಕಿಲೋಮೀಟರಿನದಲ್ಲ, ಅದರ ಎಷ್ಟೋ ಪಟ್ಟು. 2009ರ ಸೆಪ್ಟೆಂಬರಿನ ಕೊನೆಯಲ್ಲಿ, ಅಕ್ಟೋಬರಿನ ಮೊದಲಲ್ಲಿ ಬಿದ್ದ ಮಳೆ ಏಕೆ ಅಷ್ಟು ಅನಾಹುತ ಮಾಡಿತೆಂಬುದು ಇದರಿಂದ ತಿಳಿಯುತ್ತದೆ. ಆ ಹೊತ್ತಿಗೆ ಮುಂಗಾರು ಮುಗಿಯುತ್ತ ಬಂದಿತ್ತು, ಎರೆಯ ಬಿರುಕುಗಳೆಲ್ಲ ಮುಚ್ಚಿದ್ದವು. ಬಿದ್ದ ನೀರಿಗೆ ಹಳ್ಳದ ಹೊರತು ಬೇರೆ ಗತಿ ಇರಲಿಲ್ಲ.

ಈಗ ನನ್ನ ಅಭಿಪ್ರಾಯವನ್ನು ಹೇಳುವ ಸಮಯ ಬಂದಿದೆ. ಪ್ರತಿಯೊಂದು ನೆರೆಯ ನಂತರ ನಮ್ಮಲ್ಲಿ ಏಳುವ ಕೂಗು ಒಂದೇ: ಹಳ್ಳದ ಹೂಳೆತ್ತಿರಿ, ಜಾಲಿಯನ್ನು ಕಡಿಯಿರಿ, ಡೊಂಕನ್ನು ತಿದ್ದಿ ನೆಟ್ಟಗೆ ಮಾಡಿರಿ, ಎರಡೂ ದಂಡೆಗೆ ಏರಿ ಹಾಕಿರಿ. ಹೊಲ ಕಳೆದುಕೊಂಡವನ ಬಾಯಿಂದ ಈ ಮಾತು ಬರುವುದು ಸಹಜವಾಗಿದೆ. ಅವನನ್ನು ಆಕ್ಷೇಪಿಸುವ ಅಧಿಕಾರ ಪಟ್ಟಣದಲ್ಲಿ ಸಂಬಳ ಎಣಿಸುವ ನನಗಿಲ್ಲ. ಸೇತುವೆಗಳ ಕಣ್ಣುಗಳಲ್ಲಿ ಕೊಂಬೆ, ಕಸ ಸಿಕ್ಕಿ ಸೇತುವೆಯೇ ಒಡ್ಡಾಗುವಲ್ಲಿ ಹೂಳೆತ್ತುವುದು ಅವಶ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡಿಯ ಹಳ್ಳವನ್ನು ಗಟಾರದಂತೆ ನೆಟ್ಟಗೆ ಮಾಡಿದರೆ ಆಪತ್ತು ಪರಿಹಾರವಾಗುವುದೆಂಬುದನ್ನು ನಾನು ಒಪ್ಪಲಾರೆ. ಅದು ಆಪತ್ತನ್ನು ಕೆಳಗಿನ ಊರಿಗೆ ರವಾನೆ ಮಾಡುವ ಉಪಾಯ, ಅಷ್ಟೇ.

ಏಕೆಂದರೆ, ಕಾಲುವೆಯಲ್ಲಿ ನೀರಿನ ವೇಗವು ಇಳಿಜಾರಿನ ವರ್ಗಮೂಲಕ್ಕೆ ಅನುಪಾತದಲ್ಲಿರುವುದೆಂದು ಫ್ರಾನ್ಸಿನ ಇಂಜಿನಿಯರ್ ಶೆಜಿ 18ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟನು. ಮೂರು ಕಿಲೋಮೀಟರು ಸುತ್ತಿ ಹೋಗುವ ಹಳ್ಳವನ್ನು ನೆಟ್ಟಗೆ ಮಾಡಿ ಎರಡು ಕಿಲೋಮೀಟರಿಗೆ ತಂದರೆ ಇಳಿಜಾರು ಒಂದೂವರೆ ಪಟ್ಟಾಗುತ್ತದೆ. ವೇಗವು ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಹರಿಯುವ ನೀರು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕವು ಸುಮಾರಾಗಿ ವೇಗದ ಆರನೆಯ ಘಾತದಂತೆ ಏರುವುದು: ವೇಗ ಎರಡು ಪಟ್ಟಾದರೆ ಆ ತೂಕ 64 ಪಟ್ಟು! ವೇಗವು ಐದನೆಯ ಒಂದು ಪಾಲು ಹೆಚ್ಚಿದರೂ ಅದು ಮೂರು ಪಟ್ಟಿಗೆ ಸಮೀಪ ಬರುತ್ತದೆ. ಅಂತಹ ನೀರು ಎರೆಯ ಮೆತ್ತನೆಯ ದಂಡೆಯನ್ನು ಬಿಡುವುದೆ? ಮೇಲಾಗಿ, ಡೊಂಕು ಹಳ್ಳವು ತನ್ನ ಅಕ್ಕಪಕ್ಕದ ತಗ್ಗುಗಳಲ್ಲಿ ನೀರನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಸಾವಕಾಶವಾಗಿ ಬಿಡುತ್ತಿತ್ತು. ಆ ನಿಲುಗಡೆಯನ್ನು ಕಿತ್ತುಹಾಕಿದರೆ ಮೊರಬದ ನೀರು ಬೇಗ ಇಳಿದೀತು. ಆದರೆ ಅದೇ ನೀರು ಬೆಣ್ಣೆಹಳ್ಳದ ನೀರಿನ ಜೊತೆ ಕೂಡಿ ಯಮನೂರಿನವರ ಮೇಲೆ, ಅವರ ಆಚೆಯವರ ಮೇಲೆ ಒಮ್ಮೆಲೇ ಬೀಳುವುದು. ಅವರೂ ಹಳ್ಳವನ್ನು ನೆಟ್ಟಗೆ ಮಾಡಿದರೆ ರೋಣದವರ ಮೇಲೆ. ರೋಣದವರು ಯಾರ ಮೇಲೆ ಹಾಕಬೇಕು?

ಲೆಕ್ಕವು ಹಳ್ಳದ ದಂಡೆಯಿಂದ ಅಲ್ಲ, ಹೊಲದಿಂದ ಆರಂಭವಾಗಬೇಕು. ಎರೆಯ ಒಂದು ಮೀಟರು ಆಳದ ಮಣ್ಣು, ಬೆಳೆಯ ಬೇರಿಗೆ ದೊರೆಯುವಂತಹ ನೀರನ್ನು, ಸುಮಾರು 15ರಿಂದ 20 ಸೆಂಟಿಮೀಟರು ಮಳೆಯಷ್ಟು ಹಿಡಿದಿಡಬಲ್ಲದು. ನಮ್ಮ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಸಂಕ್ರಾಂತಿಯವರೆಗೆ ಮಳೆಯಿಲ್ಲದೆ ನಿಲ್ಲುವುದು ಈ ಕೂಡಿಟ್ಟ ಹಸಿಯ ಮೇಲೆ. ಹಸ್ತ, ಚಿತ್ತಿ ಮಳೆಗಳಿಗಾಗಿ ರೈತರು ಬಾಯಿಬಿಟ್ಟು ಕಾಯುವುದೂ ಇದಕ್ಕಾಗಿಯೇ. ತೊಂದರೆಯೆಂದರೆ, ಮಣ್ಣಿಗೆ ಹಿಡಿದಿಡುವ ಶಕ್ತಿ ಇದೆ, ಬೇಗ ಕುಡಿಯುವ ಶಕ್ತಿ ಇಲ್ಲ. ಹಾಗಿರುವಲ್ಲಿ ನಾವು ಮಾಡಬೇಕಾದುದು ನೀರಿಗೆ ಸಮಯ ಕೊಡುವುದು. 1933ರಲ್ಲಿ ಆರಂಭವಾದ ವಿಜಾಪುರದ ಒಣಬೇಸಾಯ ಸಂಶೋಧನ ಕೇಂದ್ರವು ಎರೆ ಸೀಮೆಗಾಗಿಯೇ ದುಡಿದಿದೆ. ಹಿಂಗಾರಿ ಬಿತ್ತನೆಗೆ ಮುಂಚೆ ಹೊಲವನ್ನು ಸಣ್ಣ ಒಡ್ಡುಗಳಿಂದ ಚೌಕುಮಡಿಗಳಾಗಿ ವಿಂಗಡಿಸುವ ಪದ್ಧತಿಯನ್ನು ನಮ್ಮ ಕೃಷಿ ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತ ಬಂದಿರುವರು. ಒಂದೊಂದು ಮಡಿಯೂ ಒಂದು ಸಣ್ಣ ತಟ್ಟೆ. ಹರಿದು ಹೋಗಬೇಕಾದ ಮಳೆ ಆ ತಟ್ಟೆಯಲ್ಲಿ ಕೆಲವು ಗಂಟೆ ನಿಂತರೆ ಸಾಕು, ಮಣ್ಣು ತನ್ನ ಪಾಲನ್ನು ತಾನು ಕುಡಿಯುವುದು. ದೊಡ್ಡ ಒಡ್ಡುಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಹಿಂದಿನ ಮುಂಬಯಿ ಪ್ರಾಂತದ 1942ರ ಭೂಸುಧಾರಣಾ ಕಾಯಿದೆಯ ಕಾಲದಿಂದ ಹಾಕುತ್ತ ಬಂದ ಸಮಪಾತಳಿಯ ಒಡ್ಡುಗಳು ಮಸಾರಿ ನೆಲದಲ್ಲಿ ನಿಂತಷ್ಟು ಚೆನ್ನಾಗಿ ಎರೆಯಲ್ಲಿ ನಿಲ್ಲುವುದಿಲ್ಲ. ಬಿರುಕು ಬಿಟ್ಟು ಒಡೆಯುತ್ತವೆ, ಇಲ್ಲವೆ ನೀರು ಹಿಂದೆ ನಿಂತು ಬೆಳೆ ಕೊಳೆಯುತ್ತದೆ. ಹೆಚ್ಚಿನ ನೀರು ಮೆಲ್ಲಗೆ ಹೊರಗೆ ಹೋಗುವಂತೆ ಅವಕ್ಕೆ ಸ್ವಲ್ಪ ಇಳಿಜಾರು ಕೊಡಬೇಕಾಗುತ್ತದೆ.

ಹಾಗೆ ಹೊರಗೆ ಬಿಟ್ಟ ನೀರು ಹೋಗಬೇಕಾದುದು ಕೃಷಿಹೊಂಡಕ್ಕೆ. ನವಲಗುಂದ, ಅಣ್ಣಿಗೇರಿ ಕಡೆಯಲ್ಲಿ ಈಚಿನ ವರ್ಷಗಳಲ್ಲಿ ಹೊಂಡಗಳು ಬಹಳವಾಗಿವೆ. ಇಲ್ಲಿ ನಿಸರ್ಗದ ಒಂದು ವಿನೋದವನ್ನು ನೋಡಿರಿ. ಮಸಾರಿ ನೆಲದಲ್ಲಿ ತೋಡಿದ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಬೇಕು, ಇಲ್ಲವಾದರೆ ನೀರು ಇಂಗಿಹೋಗುವುದು. ಎರೆಯಲ್ಲಿ ಹಾಸಿಗೆಯೇ ಬೇಡ. ಉಬ್ಬಿದ ಜೇಡಿಯೇ ತಳವನ್ನು ಮುಚ್ಚುತ್ತದೆ. ಯಾವ ಗುಣದಿಂದ ನೆರೆ ಬಂದಿತೋ ಅದೇ ಗುಣದಿಂದ ಹೊಂಡ ನಿಂತಿತು. ಆದರೂ ಬಿಸಿಲಿನ ಪಾಲು ತಪ್ಪುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಮಿಲಿಮೀಟರು, ಕೆಲವು ದಿನ ಇನ್ನೂ ಹೆಚ್ಚು ನೀರು ಆವಿಯಾಗಿ ಹೋಗುವುದರಿಂದ ಹೊಂಡವನ್ನು ಅಗಲಕ್ಕಿಂತ ಆಳಕ್ಕೆ ತೋಡುವುದು ಮೇಲು.

ಮಹದಾಯಿಯ ವಿಷಯವನ್ನು ಬಿಟ್ಟು ಮುಂದೆ ಹೋದರೆ ನನ್ನ ಊರಿನವರು ನನ್ನನ್ನು ಬಿಡಲಾರರು. ನೀರಿನ ವಿಷಯದಲ್ಲಿ ನವಲಗುಂದ, ನರಗುಂದಗಳು ಕೊಟ್ಟ ಬೆಲೆ ಸಣ್ಣದಲ್ಲ. ಕಾಲುವೆಯ ನೀರು ಸರಿಯಾಗಿ ಮುಟ್ಟುವ ಮುಂಚೆಯೇ ಬೆಟರ್‌ಮೆಂಟ್ ಲೆವಿಯನ್ನು ಹೇರಿದುದಕ್ಕಾಗಿ ಎದ್ದ ಚಳವಳಿಯಲ್ಲಿ 1980ರ ಜುಲೈ 21ರಂದು ಗೋಲಿಬಾರಾಗಿ ರೈತರು ಪ್ರಾಣ ಕೊಟ್ಟರು. ಇಂದಿಗೂ ಆ ದಿನವನ್ನು ನಮ್ಮಲ್ಲಿ ಹುತಾತ್ಮರ ದಿನವಾಗಿ ಆಚರಿಸುವರು. ರೇಣುಕಾಸಾಗರವು ಸುಮಾರು 37 ಟಿ.ಎಂ.ಸಿ. ಹಿಡಿಯುವ ಜಲಾಶಯವಾದರೂ ತುಂಬಿದ ವರ್ಷಗಳು ಕೆಲವೇ. ಆದುದರಿಂದ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣವು ಕೊಟ್ಟ ತೀರ್ಪಿನಂತೆ ಈ ಎರಡು ಹಳ್ಳಗಳಿಂದ ತಿರುಗಿಸಲು ದೊರೆತುದು 1.72 ಮತ್ತು 2.18, ಒಟ್ಟು 3.90 ಟಿ.ಎಂ.ಸಿ. ಈ ಬೇಡಿಕೆ ನ್ಯಾಯವಾದುದೆಂದೇ ನಾನು ತಿಳಿದಿರುವೆನು. ಕುಡಿಯುವ ನೀರಿಗೆ ಬದಲು ಯಾವುದೂ ಇಲ್ಲ.

ಆದರೆ ಲೆಕ್ಕದ ಮಾಸ್ತರನಿಗೆ ಲೆಕ್ಕ ಬಿಡದು. 3.90 ಟಿ.ಎಂ.ಸಿ. ಎಂದರೆ ಸುಮಾರು 11 ಕೋಟಿ ಘನಮೀಟರು. ಅಣ್ಣಿಗೇರಿಯು ಬೇರೆ ತಾಲೂಕಾಗುವ ಮೊದಲು ನವಲಗುಂದ ತಾಲೂಕಿನ ವಿಸ್ತಾರ ಸುಮಾರು ಒಂದು ಸಾವಿರ ಚದರ ಕಿಲೋಮೀಟರು. ಆ ನೀರನ್ನೆಲ್ಲ ಅಷ್ಟು ನೆಲದ ಮೇಲೆ ಸಮನಾಗಿ ಹರಡಿದರೆ ಎಷ್ಟು ಆಳ ನಿಲ್ಲುವುದು? 11 ಸೆಂಟಿಮೀಟರು! ಒಂದು ಮೀಟರು ಎರೆ ಮಣ್ಣು ತಾನೇ ಹಿಡಿದಿಡಬಲ್ಲ ಹಸಿಗಿಂತ ಕಡಿಮೆ. ನಾನು ಹೇಳುವುದನ್ನು ಯಾರೂ ತಪ್ಪಾಗಿ ತಿಳಿಯಬಾರದು. ಮಣ್ಣಿನ ಹಸಿಯನ್ನು ಜೋಳ ಕುಡಿಯಬಲ್ಲದು, ಮನುಷ್ಯನು ಕುಡಿಯಲಾರನು. ಕಳಸಾ ನೀರಿಗೆ ಚೌಕುಮಡಿಯು ಬದಲಲ್ಲ. ಆದರೆ ಆಚೆಯ ಕಣಿವೆಯ ನೀರಿಗಾಗಿ ದಶಕಗಳಿಂದ ಬೀದಿಗಿಳಿದ ನಾವು, ನಮ್ಮ ಮಾಳಿಗೆ ಹೊಲಗಳ ಮೇಲೆ ಬಿದ್ದು ನಮ್ಮ ಕಣ್ಣ ಮುಂದೆಯೇ ಹಳ್ಳ ಹಿಡಿದು ಹೋಗುವ ನೀರಿಗಾಗಿ ಒಂದು ದಿನವಾದರೂ ಸಭೆ ಕೂಡಿದೆವೆ? ಎರಡೂ ಬೇಕು. ಒಂದನ್ನು ಕೇಳುವವರು ಇನ್ನೊಂದನ್ನು ಮರೆಯಬೇಕೆಂಬ ನಿಯಮವಿಲ್ಲ.

ಹಳ್ಳವೆಂದರೆ ನೀರು ಮಾತ್ರವಲ್ಲ. ಎರೆಯ ಬಯಲನ್ನು ಮೊದಲ ಸಲ ನೋಡಿದವರು ಇಲ್ಲೇನಿದೆ ಎಂದು ಮುಖ ತಿರುಗಿಸುವುದುಂಟು. ಕಾಡಿಲ್ಲ, ಗುಡ್ಡವಿಲ್ಲ. ಆದರೆ ಕೃಷ್ಣಮೃಗಕ್ಕೆ ಬೇಕಾದುದು ಈ ಬಯಲೇ. ನಾವು ಅದನ್ನು ಚಿಗರಿಯೆಂದು ಕರೆಯುವೆವು. ನವಲಗುಂದ, ನರಗುಂದ, ರೋಣದ ಹೊಲಗಳಲ್ಲಿ ಮುಂಜಾನೆ ಅವುಗಳ ಹಿಂಡು ನೆಗೆನೆಗೆದು ಓಡುವುದನ್ನು ಕಂಡವರು ಮರೆಯಲಾರರು. ಅವುಗಳ ಬಾಯಿಗೆ ಹೆಸರು, ಕಡಲೆಗಳ ಚಿಗುರು ತುತ್ತಾದ ರೈತನಂತೂ ಮರೆಯಲೇ ಆರನು! ಹುಲ್ಲಿನ ಗೋಮಾಳಗಳನ್ನೆಲ್ಲ ಉತ್ತುಬಿಟ್ಟ ಮೇಲೆ ಅವು ಮೇಯುವುದಾದರೂ ಎಲ್ಲಿ? ತೋಳ, ನರಿಗಳಿಗೆ ಹಳ್ಳದ ದಂಡೆಯ ಕೊರಕಲುಗಳೇ ಮನೆ. ಜಾಲಿಯ ಕೊಂಬೆಗಳು ನೀರಿನ ಮೇಲೆ ಬಾಗಿರುವಲ್ಲಿ ಗೀಜಗಗಳು ಗೂಡು ತೂಗಿಬಿಡುತ್ತವೆ. ಹಾವು ಕೆಳಗಿನಿಂದ ಹತ್ತಲಾರದೆಂಬ ಜಾಣತನ ಅದು. ಚಳಿಗಾಲಕ್ಕೆ ದೂರದ ಉತ್ತರ ದೇಶಗಳಿಂದ ಸೆಳೆವಗಳೆಂಬ ಹದ್ದಿನ ಬಳಗದ ಹಕ್ಕಿಗಳು ಬಂದು ನಮ್ಮ ಹೊಲಗಳ ಮಿಡತೆ, ಇಲಿಗಳನ್ನು ಹಿಡಿಯುತ್ತವೆ. ಒಂದು ಹಕ್ಕಿಗೆ ಕನ್ನಡದಲ್ಲಿ ಎರೆಭೂತವೆಂದೇ ಹೆಸರು. ಆಳೆತ್ತರದ ಜೋಳದ ನಡುವಿನಿಂದ ಅಷ್ಟು ದೊಡ್ಡ ಹಕ್ಕಿ ಒಮ್ಮೆಲೇ ಎದ್ದರೆ ಭೂತವೆನ್ನದೆ ಏನೆನ್ನಬೇಕು? ಹೆಸರಿನಲ್ಲಿ ಎರೆಯನ್ನು ಹೊತ್ತ ಈ ಹಕ್ಕಿ ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ನಮ್ಮ ಎರೆಯಲ್ಲಿ ಹೆಸರು ಮಾತ್ರ ಉಳಿಯಿತು.

ಹಳ್ಳವನ್ನು ತುಂಬಿದ ಬಳ್ಳಾರಿ ಜಾಲಿಯು ಹೊರಗಿನಿಂದ ಬಂದ ಗಿಡ. ಅದನ್ನು ತೆಗೆಯುವುದರಲ್ಲಿ ನನಗೆ ವ್ಯಸನವಿಲ್ಲ. ಆದರೆ ಯಂತ್ರವು ದಂಡೆಗೆ ಇಳಿದರೆ ಬಳ್ಳಾರಿ ಜಾಲಿ ಯಾವುದು, ನಮ್ಮ ಕರಿಜಾಲಿ ಯಾವುದು ಎಂದು ಕೇಳುವುದಿಲ್ಲ. ಕೂಲಿಯವರನ್ನು ಹಚ್ಚಿ, ಗುರುತು ಹಾಕಿ ಕಡಿಸುವುದಕ್ಕೆ ಹೆಚ್ಚು ದಿನ ಹಿಡಿದೀತು. ಹಿಡಿಯಲಿ.

ಮನುಷ್ಯರ ಬದುಕೂ ಈ ಹಳ್ಳಗಳನ್ನು ಸುತ್ತಿಕೊಂಡಿದೆ. ಸುಗ್ಗಿಯ ನಂತರ ಕುರುಬರ ಕುರಿಹಿಂಡುಗಳು ಹಳ್ಳದ ದಾರಿ ಹಿಡಿದು ಬಂದು ಹೊಲಗಳಲ್ಲಿ ರಾತ್ರಿ ತಂಗಿ ಗೊಬ್ಬರ ಕೊಡುವುವು. ಈ ಎರೆಯ ಸೀಮೆ ಹತ್ತಿಗೆ ಹೆಸರಾದುದು. ಇದರ ನಡುವಿನ ನವಲಗುಂದದಲ್ಲಿ ಮುಸಲ್ಮಾನ ಹೆಣ್ಣುಮಕ್ಕಳು ನವಿಲಿನ ಚಿತ್ರಗಳುಳ್ಳ ಜಮಖಾನಗಳನ್ನು ನೇಯುವರು. ಬೆಣ್ಣೆಹಳ್ಳದ ದಂಡೆಯ ಯಮನೂರಿನಲ್ಲಿ ಹಿಂದುಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುವ ದೈವವು ಒಂದೇ. ಅಲ್ಲಿ ಹಳ್ಳದ ನೀರಿನಿಂದಲೇ ದೀಪ ಉರಿಯುವುದೆಂಬ ನಂಬಿಕೆಯುಂಟು. ಹಳ್ಳದಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುವುದೆಂದು ಸಾವಿರಾರು ಜನರು ಜಾತ್ರೆಗೆ ಬರುವರು. ನಂಬಿಕೆಯ ಮಾತನ್ನು ನಂಬಿದವರಿಗೆ ಬಿಡುತ್ತೇನೆ. ಆದರೆ ಹುಬ್ಬಳ್ಳಿಯಂತಹ ದೊಡ್ಡ ನಗರದ ಕೊಳೆನೀರಿನ ಇಳಿಜಾರೂ ಬೆಣ್ಣೆಹಳ್ಳದ ಕಡೆಗೇ ಇದೆ. ಮೀಯುವವರಲ್ಲಿ ಮಕ್ಕಳಿರುತ್ತಾರೆ, ಗಾಯವಿದ್ದವರಿರುತ್ತಾರೆ. ಮೇಲಿನವರು ತಮ್ಮ ಹೊಲಸನ್ನು ಶುದ್ಧಿ ಮಾಡಿ ಬಿಡುವುದು ಕೆಳಗಿನವರ ಭಕ್ತಿಗೆ ಅವರು ತೋರಿಸಬೇಕಾದ ಕನಿಷ್ಠ ಮರ್ಯಾದೆ.

ವಿದ್ಯಾರ್ಥಿಗಳು ಏನು ಮಾಡಬಲ್ಲರೆಂದು ನೀವು ಕೇಳುವಿರಿ. ಅಳೆಯಬಲ್ಲಿರಿ. ಎರಡು ಡಬ್ಬಿಗಳ ತಳಕ್ಕೆ ತೂತು ಮಾಡಿ ಒಂದರಲ್ಲಿ ಒಣಗಿದ ಎರೆ ಹೆಂಟೆ, ಇನ್ನೊಂದರಲ್ಲಿ ಮಸಾರಿ ಮಣ್ಣು ತುಂಬಿ ಸಮನಾಗಿ ನೀರು ಹಾಕಿ, ಇಳಿಯುವ ಹೊತ್ತನ್ನು ಗಡಿಯಾರದಿಂದ ನೋಡಿರಿ. ಮರುದಿನ ಅದೇ ಡಬ್ಬಿಗಳಿಗೆ ಮತ್ತೆ ನೀರು ಹಾಕಿರಿ. ಎರೆಯ ಡಬ್ಬಿಯ ಹಟ ಆಗ ತಿಳಿಯುವುದು. ಊರ ಬಾವಿಯ ನೀರನ್ನೂ ಮಳೆಯ ನೀರನ್ನೂ ಬೇರೆ ಬೇರೆ ಗಾಜಿನಲ್ಲಿಟ್ಟು ಬ್ಯಾಟರಿ, ಆಮೀಟರುಗಳ ತಂತಿಗಳನ್ನು ಇಳಿಬಿಟ್ಟರೆ ಯಾವುದರಲ್ಲಿ ಉಪ್ಪು ಹೆಚ್ಚೆಂದು ಮುಳ್ಳೇ ಹೇಳುವುದು. ನೇರ ಬದಿಯ ಡಬ್ಬಿಯೊಂದು, ಮಿಲಿಮೀಟರಿನ ಅಳತೆಪಟ್ಟಿಯೊಂದು ಇದ್ದರೆ ಮಳೆಮಾಪಕವಾಯಿತು.

ಕಳೆದ ಹಸ್ತ ಮಳೆಯಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ಹೀಗೆಯೇ ಮಾಡಿದರು. ಒಬ್ಬನು ಧಾರವಾಡ ತಾಲೂಕಿನಲ್ಲಿ ಹಳ್ಳದ ಮೇಲ್ಭಾಗದ ಊರಿನವನು, ಇನ್ನೊಬ್ಬಳು ನಮ್ಮ ಮೊರಬದವಳು. ಮೇಲಿನವನು ಸಂಜೆ ತನ್ನ ಡಬ್ಬಿಯ ಮಳೆಯನ್ನು ಅಳೆದು ಇವಳಿಗೆ ಫೋನಿನಲ್ಲಿ ತಿಳಿಸಿದನು. ಇವಳು ಅಪ್ಪನನ್ನು ಕರೆದುಕೊಂಡು, ದೂರದಿಂದಲೇ ಬ್ಯಾಟರಿ ಬಿಟ್ಟು, ಗಂಟೆಗೊಮ್ಮೆ ಹಳ್ಳದ ಸೇತುವೆಯ ಕಂಬದ ಮೇಲಿನ ಗುರುತನ್ನು ನೋಡಿ ಬರೆದಿಟ್ಟಳು. ಮಧ್ಯರಾತ್ರಿಯ ಸುಮಾರಿಗೆ ಹಳ್ಳವು ದಂಡೆಯ ಸಮಕ್ಕೆ ಬಂದಿತು. ಆ ದಿನ ಮೊರಬದಲ್ಲಿ ಅವಳ ಡಬ್ಬಿಗೆ ಬಿದ್ದಿದ್ದ ಮಳೆ ಎರಡೇ ಮಿಲಿಮೀಟರು.